ಎಸ್, ಐ, ಜಿ, ಎನ್: ನಾಲ್ಕು ಅಕ್ಷರಗಳ ಒಂದು ಮನೆತನ

(ನಾರಾಯಣಗೂಡದ ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಪ್ರತಿ ಭಾನುವಾರ ಈ ಮೇಜಿನ ಹಿಂದೆ ಕುಳಿತು ಪತ್ರಿಕೆಗಳಿಗೆ ಮೊಹರು ಹೊಡೆಯುವುದು, ಪುಸ್ತಕ ಒಯ್ಯುವವರ ಹೆಸರು ಬರೆದುಕೊಳ್ಳುವುದು, ಇಷ್ಟೇ ನನ್ನ ಕೆಲಸ. ಇಂದು ಮೇಜಿನ ಮುಂದೆ ನಿಂತು ಮಾತನಾಡಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ನಾನು ಮೆಟ್ರಿಕ್‌ವರೆಗೆ ಓದಿದವನು, ಬೇಳೆ ಮಿಲ್ಲೊಂದರಲ್ಲಿ ಗುಮಾಸ್ತ. ಇಂಗ್ಲಿಷಿನ ಮೇಲೆ ಮಾತನಾಡಲು ಪಂಡಿತರನ್ನು ಕರೆಸಿರೆಂದು ಬೇಡಿಕೊಂಡೆ. "ಪಂಡಿತರ ಇಂಗ್ಲಿಷ್ ಬೇಡ, ನಮಗೆ ಕಾಗದ ಪತ್ರದ ಇಂಗ್ಲಿಷ್ ಸಾಕು" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಆದುದರಿಂದ ಇಂದು ಒಂದೇ ಒಂದು ಮಾತಿನ ವಿಷಯ ಹೇಳುತ್ತೇನೆ. ನಾಲ್ಕು ಅಕ್ಷರದ ಮಾತು ಅದು: ಎಸ್, ಐ, ಜಿ, ಎನ್. ಸೇರಿಸಿ ಓದಿದರೆ 'ಸೈನ್', ಅಂದರೆ ಸಹಿ. ಈ ನಾಲ್ಕು ಅಕ್ಷರಗಳು ಇದೇ ಸಾಲಿನಲ್ಲಿ ಕೈಹಿಡಿದು ನಿಂತಿರುವ ಮಾತುಗಳು ಇಂಗ್ಲಿಷಿನಲ್ಲಿ ಬಹಳ ಇವೆ, ಮತ್ತು ನಮ್ಮಂಥ ದುಡಿಯುವ ಜನರ ಕೈಗೆ ಬರುವ ಕಾಗದಗಳಲ್ಲಿ ಅವು ಇನ್ನೂ ಹೆಚ್ಚಾಗಿ ಇವೆ.

ಈ ಮಾತನ್ನೇ ಏಕೆ ಆರಿಸಿಕೊಂಡೆನೆಂಬುದನ್ನು ಮೊದಲು ಹೇಳಿಬಿಡಬೇಕು. ಹೇಳಲು ಸಂಕೋಚವಿದೆ, ಏಕೆಂದರೆ ತಪ್ಪು ನನ್ನದು.

ಸುಮಾರು ಹನ್ನೆರಡು ವರ್ಷಗಳ ಹಿಂದಿನ ಮಾತು. ನಾನು ಆಗ ಬೇರೊಂದು ಮಿಲ್ಲಿನಲ್ಲಿ ಹೊಸದಾಗಿ ಸೇರಿದ್ದೆ. ಅಲ್ಲಿ ಕಾಂಟಾದ ಮೇಲೆ ತೂಕ ಮಾಡುವ ಒಬ್ಬ ಹಿರಿಯರಿದ್ದರು, ಯಾದಗಿರಿ ಕಡೆಯವರು. ನಾನು ಕಾಕಾ ಎನ್ನುತ್ತಿದ್ದೆ, ಅವರು ನನ್ನನ್ನು ತಮ್ಮಾ ಎನ್ನುತ್ತಿದ್ದರು. ಕನ್ನಡ ಓದಬಲ್ಲರು, ಹೆಸರು ಬರೆಯಬಲ್ಲರು, ಇಂಗ್ಲಿಷ್ ಬಾರದು. ಮಗಳ ಮದುವೆ ಗೊತ್ತಾಗಿತ್ತು. ಪಿ.ಎಫ್. ಹಣದಲ್ಲಿ ಮುಂಗಡ ಬೇಕೆಂದು ಫಾರಂ ತುಂಬಿಸಿ ಕೊಟ್ಟಿದ್ದರು. ಒಂದು ವಾರದ ಮೇಲೆ ಆ ಫಾರಂ ಲೆಕ್ಕದ ವಿಭಾಗದಿಂದ ಹಿಂದಕ್ಕೆ ಬಂತು. ಮೂಲೆಯಲ್ಲಿ ಪೆನ್ಸಿಲಿನಲ್ಲಿ ಎರಡು ಮಾತು ಬರೆದಿತ್ತು: 'ಪ್ಲೀಸ್ ರಿಸೈನ್'.

"ಏನಂತ ಬರದಾರ, ತಮ್ಮಾ?" ಎಂದು ಕೇಳಿದರು.

ನಾನು ಓದಿದೆ. ರಿಸೈನ್ ಎಂದರೆ ರಾಜೀನಾಮೆ, ಅದು ನನಗೆ ಗೊತ್ತಿತ್ತು. ಗೊತ್ತಿದೆಯೆಂಬ ಹಮ್ಮೂ ಇತ್ತು. "ಕಾಕಾ, ಕೆಲಸಕ್ಕ ರಾಜೀನಾಮೆ ಕೊಡ್ರಿ ಅಂತ ಬರದಾರ್ರಿ. ಮಿಲ್ಲು ಬಿಟ್ಟರನ ಪಿ.ಎಫ್. ರೊಕ್ಕ ಪೂರಾ ಸಿಗತದ, ಅದಕ್ಕಿರಬೇಕು" ಎಂದು ನನ್ನ ಕಡೆಯಿಂದ ಒಂದು ಕಾರಣವನ್ನೂ ಸೇರಿಸಿ ಹೇಳಿದೆ. ಸುಳ್ಳಿಗಿಂತ ಅರ್ಧ ನಿಜ ಕೆಟ್ಟದ್ದು. ಕೆಲಸ ಬಿಟ್ಟವನಿಗೆ ಪಿ.ಎಫ್. ಹಣ ಬರುತ್ತದೆಂಬುದನ್ನು ಎಲ್ಲರೂ ಕೇಳಿದ್ದೆವು. ಆದ್ದರಿಂದ ಕಾಕಾ ನಂಬಿದರು. ಒಂದು ರಾತ್ರಿ ಯೋಚನೆ ಮಾಡಿದರು. ಮರುದಿನ ಬಂದು, "ಮದುವಿ ನಿಲ್ಲಸಲಿಕ್ಕ ಆಗಂಗಿಲ್ಲ, ನೀನs ಬರದು ಕೊಡು" ಎಂದರು. ನಾನೇ ಬರೆದುಕೊಟ್ಟೆ. ನನಗೆ ಬರುತ್ತಿದ್ದ ಒಳ್ಳೆಯ ಇಂಗ್ಲಿಷನ್ನೆಲ್ಲ ಆ ಕಾಗದದಲ್ಲಿ ಹಾಕಿದೆ.

ಐದಾರು ದಿನಗಳ ಮೇಲೆ ಲೆಕ್ಕದ ವಿಭಾಗದವರು ನನ್ನನ್ನು ಕಂಡು, ಆ ಮುದುಕರು ಫಾರಂ ಏಕೆ ತಂದುಕೊಡಲಿಲ್ಲ, ಸಹಿ ಹೊಂದುತ್ತಿಲ್ಲ, ಇನ್ನೊಮ್ಮೆ ಸಹಿ ಮಾಡಿ ಕೊಡಿರೆಂದು ಬರೆದಿದ್ದೆನಲ್ಲ ಎಂದರು. ಆಗ ನನಗೆ ಅರ್ಥವಾಯಿತು. ಅವರು ಬರೆದದ್ದು 'ರೀ-ಸೈನ್'. ನಡುವೆ ಹಾಕಬೇಕಾಗಿದ್ದ ಅಡ್ಡಗೆರೆಯನ್ನು ಹಾಕಿರಲಿಲ್ಲ. ಓಡಿ ಹೋಗಿ ಮ್ಯಾನೇಜರ ಮುಂದೆ ನಿಂತೆ. ಅಷ್ಟರಲ್ಲಿ ರಾಜೀನಾಮೆ ಅಂಗೀಕಾರವಾಗಿ ಕಡತ ಸೇರಿತ್ತು. ಕಾಂಟಾದ ಮೇಲೆ ಬೇರೊಬ್ಬನನ್ನು ನಿಲ್ಲಿಸಿದ್ದರು. ಅವರಿವರ ಕೈಕಾಲು ಹಿಡಿದ ಮೇಲೆ ಹನ್ನೊಂದು ದಿನಕ್ಕೆ ಕಾಕಾರನ್ನು ತಿರುಗಿ ತೆಗೆದುಕೊಂಡರು, ಆದರೆ ಚೀಲ ಹೊಲಿಯುವ ಕಡೆಗೆ, ಕಡಮೆ ಕೂಲಿಗೆ. ಮದುವೆ ಸಾಲದಲ್ಲಿ ನಡೆಯಿತು.

ಅವರು ನನ್ನನ್ನು ಬೈಯಲಿಲ್ಲ. ಆ ಅಡ್ಡಗೆರೆಯ ವಿಷಯವನ್ನು ನಾನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದಾಗ ಬಹಳ ಹೊತ್ತು ನೋಡಿ, "ಇಷ್ಟ ಗೆರಿ ಎಳೀಲಿಕ್ಕ ಎಷ್ಟೊತ್ತು ಬೇಕಿತ್ತು, ತಮ್ಮಾ?" ಎಂದು ಕೇಳಿದರು. ಅದು ನನಗೆ ಕೇಳಿದ ಪ್ರಶ್ನೆಯೋ, ಪೆನ್ಸಿಲು ಹಿಡಿದವರಿಗೆ ಕೇಳಿದ್ದೋ ಇಂದಿಗೂ ತಿಳಿಯದು.

ಅಂದಿನಿಂದ ನಾನು ನಿಘಂಟು ನೋಡುವುದನ್ನು ಕಲಿತೆ. ಮಾತಿನ ಅರ್ಥ ಗೊತ್ತಿದ್ದರೂ ನೋಡುತ್ತೇನೆ. ನಿಘಂಟಿನಲ್ಲಿ ಕಂಡದ್ದನ್ನು ಈಗ ತಮ್ಮ ಮುಂದಿಡುತ್ತೇನೆ.

ಲ್ಯಾಟಿನ್ ಭಾಷೆಯಲ್ಲಿ 'ಸಿಗ್ನುಮ್' ಎಂದೊಂದು ಮಾತು. ಅರ್ಥ: ಗುರುತು, ಮುದ್ರೆ. ಹನುಮಂತನು ಸೀತಾದೇವಿಗೆ ತೋರಿದ ಮುದ್ರೆಯುಂಗುರವನ್ನು ನೆನೆದುಕೊಳ್ಳಿ. ಅಂಥ ಉಂಗುರಕ್ಕೆ ಇಂಗ್ಲಿಷಿನಲ್ಲಿ 'ಸಿಗ್ನೆಟ್' ಎನ್ನುತ್ತಾರೆ, ನಮ್ಮ ನಾಲ್ಕು ಅಕ್ಷರಗಳು ಅದರಲ್ಲಿಯೂ ಇವೆ. ಹಿಂದೆ ಅರಗಿನ ಮೇಲೆ ಒತ್ತಿದ ಮುದ್ರೆಯೇ ಸಹಿ. ಆ ಮುದ್ರೆಯನ್ನು ಒಡೆದರೆ, ಬಿಚ್ಚಿದರೆ, ರದ್ದು ಮಾಡಿದರೆ ಅದು 'ರಿಸೈನ್'. ಹಾಕಿದ ಗುರುತನ್ನು ತಾನೇ ಅಳಿಸಿಕೊಂಡು ಹೊರಗೆ ಬರುವುದು. ಹೀಗಾಗಿ ಸೈನ್ ಮತ್ತು ರಿಸೈನ್ ಒಂದೇ ಮನೆಯ ಮಕ್ಕಳು. ಅಡ್ಡಗೆರೆ ಇಟ್ಟು ಬರೆಯುವ ರೀ-ಸೈನ್ ಮಾತ್ರ ಸಾದಾ ಅರ್ಥದ್ದು: ಮತ್ತೊಮ್ಮೆ ಸಹಿ ಮಾಡು. ಉಚ್ಚಾರದಲ್ಲಿಯೂ ವ್ಯತ್ಯಾಸವಿದೆ. ರಾಜೀನಾಮೆಯ ಮಾತಿನಲ್ಲಿ ನಡುವಿನ ಎಸ್ ಅಕ್ಷರವನ್ನು ಇಂಗ್ಲಿಷರು ಜ಼ಡ್‌ನಂತೆ ಮೃದುವಾಗಿ ನುಡಿಯುತ್ತಾರೆ. ಮತ್ತೊಮ್ಮೆ ಸಹಿ ಎನ್ನುವಾಗ 'ರೀ' ಉದ್ದ, 'ಸೈ' ಗಟ್ಟಿ. ಆದರೆ ಪೆನ್ಸಿಲಿನ ಬರಹಕ್ಕೆ ಬಾಯಿಯಿಲ್ಲವಲ್ಲ.

ಇಂಥ ಜೋಡಿ ಇದೊಂದೇ ಅಲ್ಲ. 'ರಿಕವರ್' ಎಂದರೆ ವಸೂಲು ಮಾಡುವುದು, ಇಲ್ಲವೆ ಕಾಯಿಲೆಯಿಂದ ಚೇತರಿಸಿಕೊಳ್ಳುವುದು. ಅಡ್ಡಗೆರೆ ಇಟ್ಟರೆ ಪುಸ್ತಕಕ್ಕೆ ಮತ್ತೊಮ್ಮೆ ರಟ್ಟು ಹಾಕುವುದು. 'ರಿಫಾರ್ಮ್' ಸುಧಾರಣೆ, ಅಡ್ಡಗೆರೆ ಇಟ್ಟರೆ ಮತ್ತೆ ರಚಿಸುವುದು. ಇರಲಿ.

ರಾಜೀನಾಮೆ ಎಂಬ ನಮ್ಮ ಮಾತಿನ ಕಥೆಯೂ ಸ್ವಾರಸ್ಯವಾಗಿದೆ. ಇದು ಪಾರಸಿಯಿಂದ ಬಂದದ್ದು: ರಾಜಿ ಮತ್ತು ನಾಮಾ, ಒಪ್ಪಿಗೆಯ ಪತ್ರ. ಈ ಊರಿನ ಉರ್ದು ಬಲ್ಲ ಹಿರಿಯರ ಮುಂದೆ ರಾಜೀನಾಮಾ ಎಂದರೆ ಜಗಳ ತೀರಿ ಎರಡು ಕಡೆಯವರೂ ಒಪ್ಪಿ ಬರೆದುಕೊಟ್ಟ ಕಾಗದವೆಂದು ತಿಳಿಯುತ್ತಾರೆ. ಕೆಲಸ ಬಿಡುವ ಕಾಗದಕ್ಕೆ ಅವರು ಇಸ್ತೀಫಾ ಎನ್ನುತ್ತಾರೆ. ನಮ್ಮಲ್ಲಿ, ತೆಲುಗಿನಲ್ಲಿ, ಅದೇ ಮಾತು ಕೆಲಸ ಬಿಡುವ ಕಾಗದವಾಗಿಬಿಟ್ಟಿದೆ. 1956ರ ನವೆಂಬರ್ 1ರವರೆಗೆ ಬೀದರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳಿಗೆ ಈ ಹೈದರಾಬಾದೇ ರಾಜಧಾನಿ. ನಮ್ಮ ಅಜ್ಜಂದಿರು ದರಖಾಸ್ತು ಹಿಡಿದು ಬರುತ್ತಿದ್ದುದು ಈ ಊರಿಗೇ. ಅವರು ತಪ್ಪಿ ಓದಿದ್ದು ಉರ್ದುವಿನಲ್ಲಿ, ನಾವು ತಪ್ಪಿ ಓದುವುದು ಇಂಗ್ಲಿಷಿನಲ್ಲಿ.

'ಸಹಿ' ಎಂಬುದು ಕೂಡ ಅರಬ್ಬಿಯ ಮಾತು, ಸರಿಯಾದದ್ದು ಎಂದು ಅರ್ಥ. ಚೌರಸ್ತಾದಲ್ಲಿ ಆಟೋದವನು 'ಸಹೀ ಹೈ' ಎನ್ನುವುದೂ ಅದೇ. ಇದೆಲ್ಲ ಸರಿಯಾಗಿದೆ ಎಂದು ಒಪ್ಪಿ ಗುರುತು ಹಾಕುವುದೇ ಸಹಿ. ಬೀದರದ ಹಿರಿಯರು 'ದಸ್ಕತ್ತು' ಎನ್ನುತ್ತಾರೆ. ಅದು ಪಾರಸಿಯ ದಸ್ತ್ ಮತ್ತು ಖತ್, ಅಂದರೆ ಕೈ ಬರಹ. ಇನ್ನು ನಮ್ಮ ಹಳೆಯ ಮಾತೆಂದರೆ 'ಅಂಕಿತ'. ಬಸವಣ್ಣನವರ ವಚನದ ಕೊನೆಗೆ ಕೂಡಲಸಂಗಮದೇವ ಎಂದು ಬರುತ್ತದಲ್ಲ, ಅದು ಅಂಕಿತ. ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತೆಂದು ಪತ್ರಿಕೆಯಲ್ಲಿ ಓದುತ್ತೇವೆ, ಅದೂ ಅದೇ. ಅಂಕ ಎಂದರೆ ಗುರುತು. ಅದರ ಮಕ್ಕಳು ಅಂಕಿ, ಅಂಕಿತ, ದಿನಾಂಕ, ಕ್ರಮಾಂಕ. ಸಿಗ್ನುಮ್ ಎಂಬುದಕ್ಕೆ ಒಂದು ದೊಡ್ಡ ಸಂಸಾರವಿರುವಂತೆ ನಮ್ಮ ಅಂಕಕ್ಕೂ ಇದೆ. ಮಾತುಗಳನ್ನು ಒಂಟಿಯಾಗಿ ಉರುಹೊಡೆಯುವ ಬದಲು ಸಂಸಾರದೊಡನೆ ಪರಿಚಯ ಮಾಡಿಕೊಂಡರೆ ಮರೆಯುವುದಿಲ್ಲವೆಂದು ನನ್ನ ಅನುಭವ.

ಈಗ ಉಚ್ಚಾರದ ತೊಡಕಿಗೆ ಬರೋಣ. ಸೈನ್ ಎಂಬುದರಲ್ಲಿ ಜಿ ಅಕ್ಷರ ಏಕಿದೆ, ನುಡಿಯುವುದಿಲ್ಲವಲ್ಲ ಎಂದು ಕಳೆದ ತಿಂಗಳು ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಆ ಜಿ ಸತ್ತಿಲ್ಲ, ಮಲಗಿದೆ. ಮುಂದೆ ಒಂದು ಸ್ವರ ಬಂದು ತಟ್ಟಿದರೆ ಏಳುತ್ತದೆ. ಸೈನ್, ಆದರೆ ಸಿಗ್ನಲ್, ಸಿಗ್ನೇಚರ್. ರಿಸೈನ್, ಆದರೆ ರೆಸಿಗ್ನೇಷನ್. ಡಿಸೈನ್, ಆದರೆ ಡೆಸಿಗ್ನೇಷನ್. ಆಸ್ಪತ್ರೆಯ ವರದಿಯಲ್ಲಿ ಬರುವ 'ಮ್ಯಾಲಿಗ್ನಂಟ್' ಎಂಬುದೂ ಹೀಗೆಯೇ, ಅದರ ಮೂಲ 'ಮಲೈನ್' ಎಂದಾಗ ಜಿ ಮಲಗಿರುತ್ತದೆ. ಈ ಮಾತು ನಮ್ಮ ನಾಲ್ಕಕ್ಷರದ ಸಂಸಾರದ್ದಲ್ಲ, ಕಡೆಯ ಮೂರು ಅಕ್ಷರ ಮಾತ್ರ ಕೂಡುತ್ತವೆ. ಆದರೂ ಹೇಳಿದೆ, ಏಕೆಂದರೆ ಇದರ ಎದುರಿನ ಮಾತು 'ಬಿನೈನ್'. ಗಡ್ಡೆಯ ವರದಿಯಲ್ಲಿ ಬಿನೈನ್ ಎಂದಿದ್ದರೆ ಅದು ಕ್ಯಾನ್ಸರ್ ಅಲ್ಲ. ಮ್ಯಾಲಿಗ್ನಂಟ್ ಎಂದಿದ್ದರೆ ಕ್ಯಾನ್ಸರ್, ತಡಮಾಡದೆ ಡಾಕ್ಟರ ಬಳಿಗೆ ಹೋಗಬೇಕು. ಇವೆರಡನ್ನು ತಿರುಗುಮುರುಗು ಮಾಡಿಕೊಂಡು ಅತ್ತವರೂ ಇದ್ದಾರೆ, ಸಮಾಧಾನ ಪಟ್ಟುಕೊಂಡು ಕುಳಿತವರೂ ಇದ್ದಾರೆ. ಎರಡನೆಯವರ ಸ್ಥಿತಿ ಹೆಚ್ಚು ಕಷ್ಟ.

ಇಂಗ್ಲಿಷರ ಈ ಮಲಗಿದ ಅಕ್ಷರಗಳನ್ನು ಕಂಡು ನಗುವ ಮುನ್ನ ನಮ್ಮದನ್ನೂ ನೋಡಿಕೊಳ್ಳಬೇಕು. ಜ್ಞಾನ ಎಂದು ಜಕಾರ ಹಾಕಿ ಬರೆಯುತ್ತೇವೆ, ಗ್ನಾನ ಎಂದು ನುಡಿಯುತ್ತೇವೆ. ಇಂಗ್ಲಿಷಿನ 'ನೋ', ಅಂದರೆ ತಿಳಿ ಎಂಬ ಮಾತಿನಲ್ಲಿ ಕೆ ಅಕ್ಷರ ಬಾಯಿ ಮುಚ್ಚಿಕೊಂಡಿದೆ. ವಿದ್ವಾಂಸರ ಪ್ರಕಾರ ಸಂಸ್ಕೃತದ ಜ್ಞಾ ಧಾತುವೂ ಆ 'ನೋ' ಎಂಬುದೂ ಒಂದೇ ಬೇರಿನವು. ಅಜ್ಜನ ಮನೆಯ ಲಕ್ಷಣ ಎರಡು ಕಡೆಗೂ ಬಂದಿದೆ.

ಕೆಲವು ಕಡೆ ಜಿ ಅಕ್ಷರ ಸುಮ್ಮನೆ ಬಂದು ಕುಳಿತಿರುವುದೂ ಉಂಟು. 'ಫಾರಿನ್' ಎಂಬ ಮಾತಿನಲ್ಲಿ ಜಿ ಇದೆ, ಅದು ಮೂಲದಲ್ಲಿ ಇರಲಿಲ್ಲ. ರಾಜ್ಯಭಾರ ಎಂಬ ಅರ್ಥದ 'ರೇನ್' ಎಂಬುದರ ಮಾದರಿ ನೋಡಿ ಯಾರೋ ಬರೆದರು, ಅದೇ ನಿಂತುಬಿಟ್ಟಿತು. ಸಾಲ ಎಂಬರ್ಥದ 'ಡೆಟ್' ಎಂಬುದರಲ್ಲಿ ಬಿ ಅಕ್ಷರವನ್ನು ಲ್ಯಾಟಿನ್ ಬಲ್ಲವರು ಆಮೇಲೆ ಸೇರಿಸಿದರು, ಮೂಲ ಮಾತು ನೆನಪಿರಲಿ ಎಂದು. 'ರಿಸೀಟ್'ನಲ್ಲಿ ಪಿ ಅಕ್ಷರವೂ ಹಾಗೆಯೇ. ಆದ್ದರಿಂದ ಸ್ಪೆಲಿಂಗ್ ತಪ್ಪಿದವರನ್ನು ಕಂಡು ಬಹಳ ನಗಬಾರದು. ಒಂದು ತಪ್ಪು ಮಾತ್ರ ನಗದೆ ಬಿಡುವಂಥದಲ್ಲ. ಇದೇ ನಾಲ್ಕು ಅಕ್ಷರಗಳಲ್ಲಿ ಕೊನೆಯ ಎರಡನ್ನು ಹಿಂದುಮುಂದು ಮಾಡಿದರೆ 'ಸಿಂಗ್' ಆಗುತ್ತದೆ. ಒಂದು ಫಾರಮಿನ ಕೆಳಗೆ 'ಸೈನ್ ಹಿಯರ್' ಎಂದು ಟೈಪು ಮಾಡುವ ಬದಲು ನಾನೇ 'ಸಿಂಗ್ ಹಿಯರ್' ಎಂದು ಮಾಡಿ ನೂರು ಪ್ರತಿ ತೆಗೆಸಿದ್ದೇನೆ. ಇಲ್ಲಿ ಹಾಡಿರಿ ಎಂದು. ಯಾರೂ ಹಾಡಲಿಲ್ಲ.

ಇನ್ನು ಕಾಗದಗಳಲ್ಲಿ ಬರುವ ಮಾತುಗಳು.

ನೋಟೀಸು ಹಲಗೆಯ ಮೇಲೆ 'ದಿ ಅಂಡರ್‌ಸೈನ್ಡ್' ಎಂದಿರುತ್ತದೆ. ಕೆಳಗೆ ಸಹಿ ಮಾಡಿರುವವನು ಎಂದು ಅರ್ಥ, ಅಂದರೆ ನೋಟೀಸು ಹೊರಡಿಸಿದ ಅಧಿಕಾರಿಯೇ. ಪ್ಯಾಕಿಂಗ್ ವಿಭಾಗದ ಗೆಳೆಯರೊಬ್ಬರು, "ಈ ಅಂಡರ್‌ಸೈನ್ಡ್ ಸಾಹೇಬರು ಯಾವ ರೂಮಿನ್ಯಾಗ ಕೂಡತಾರ್ರಿ? ಎಲ್ಲಾ ಆಫೀಸಿನ್ಯಾಗೂ ಅವರನ ಅದಾರಲ್ಲಾ" ಎಂದು ಕೇಳಿದ್ದರು. ಕೇಳಿದರು, ತಿಳಿದುಕೊಂಡರು. ಕೇಳದೆ ಹತ್ತು ವರ್ಷ ನೋಟೀಸು ಓದಿದವರು ಇದ್ದಾರೆ.

'ಆಥರೈಸ್ಡ್ ಸಿಗ್ನೇಟರಿ' ಎಂದರೆ ಸಂಸ್ಥೆಯ ಪರವಾಗಿ ಸಹಿ ಮಾಡುವ ಅಧಿಕಾರ ಪಡೆದವನು. ನಿಮ್ಮ ಸಂಬಳದ ಪ್ರಮಾಣಪತ್ರದಲ್ಲಿ ಈ ಮಾತಿನ ಮೇಲೆ ಸಹಿ ಇಲ್ಲದಿದ್ದರೆ ಬ್ಯಾಂಕಿನಲ್ಲಿ ಅದು ನಡೆಯುವುದು ಕಷ್ಟ. 'ಕೌಂಟರ್‌ಸೈನ್' ಎಂದರೆ ಮೇಲುರುಜು, ಒಬ್ಬರ ಸಹಿಗೆ ಇನ್ನೊಬ್ಬರು ಆಧಾರವಾಗಿ ಹಾಕುವ ಸಹಿ. 'ಡೆಸಿಗ್ನೇಷನ್' ಹುದ್ದೆ. ಫಾರಮಿನಲ್ಲಿ ಈ ಮಾತಿನ ಮುಂದೆ ಊರ ಹೆಸರು ಬರೆಯುವವರಿದ್ದಾರೆ, 'ಡೆಸ್ಟಿನೇಷನ್' ಎಂದು ತಿಳಿದು. ಅದು ತಲುಪುವ ಸ್ಥಳ, ಅದಕ್ಕೂ ನಮ್ಮ ನಾಲ್ಕಕ್ಷರಕ್ಕೂ ಸಂಬಂಧವಿಲ್ಲ.

ಮಾಲು ಸಾಗಿಸುವವರಿಗೆ 'ಕನ್‌ಸೈನ್‌ಮೆಂಟ್' ಗೊತ್ತೇ ಇದೆ. ಮುದ್ರೆ ಒತ್ತಿ ಒಪ್ಪಿಸಿದ ಮಾಲು. ಬಿಲ್ಟಿಯ ಮೇಲೆ ಎರಡು ಹೆಸರಿರುತ್ತವೆ: ಕನ್‌ಸೈನರ್ ಕಳಿಸುವವನು, ಕನ್‌ಸೈನೀ ಪಡೆಯುವವನು. ಕಡೆಯ ಎರಡೇ ಅಕ್ಷರದ ವ್ಯತ್ಯಾಸ. ಕಲಬುರಗಿಯಿಂದ ತೊಗರಿ ಬರುವಾಗ ನಾವು ಕನ್‌ಸೈನೀ, ಬೇಳೆಯಾಗಿ ಇಲ್ಲಿಂದ ಹೋಗುವಾಗ ನಾವೇ ಕನ್‌ಸೈನರ್. ಕೊನೆಯಲ್ಲಿ ಈ ಎರಡು ಇ ಬಂದರೆ ಪಡೆಯುವವನು ಎಂದು ಹಿಡಿಯಿರಿ. ನಾಮಿನೀ, ಪೇಯೀ, ಎಲ್ಲಕ್ಕೂ ಇದು ನಡೆಯುತ್ತದೆ. ಎಂಪ್ಲಾಯೀ ಎಂದರೂ ಅಷ್ಟೆ, ಕೆಲಸಕ್ಕೆ ಇಟ್ಟುಕೊಳ್ಳಲ್ಪಟ್ಟವನು. ಕೊಡುವವನು ಆ ಕಡೆಯ ಎಂಪ್ಲಾಯರ್.

ಎಲ್ಲಕ್ಕಿಂತ ಎಚ್ಚರಿಕೆಯಿಂದ ನೋಡಬೇಕಾದ ಮಾತು 'ಅಸೈನ್'. ಮೇಸ್ತ್ರಿಯು ನಿಮಗೊಂದು ಕೆಲಸವನ್ನು ಅಸೈನ್ ಮಾಡಿದರೆ ಗೊತ್ತುಪಡಿಸಿಕೊಟ್ಟನೆಂದು ಅರ್ಥ, ಅದರಲ್ಲಿ ಭಯವಿಲ್ಲ. ಆದರೆ ಜೀವವಿಮೆಯ ಕಾಗದದಲ್ಲಿ 'ಅಸೈನ್‌ಮೆಂಟ್' ಎಂದರೆ ಪಾಲಿಸಿಯ ಹಕ್ಕನ್ನು ಇನ್ನೊಬ್ಬರಿಗೆ ವರ್ಗಾಯಿಸುವುದು. 'ನಾಮಿನೇಷನ್' ಬೇರೆ, ನಾನು ತೀರಿಕೊಂಡರೆ ಹಣ ಇಂಥವರ ಕೈಗೆ ಕೊಡಿರೆಂದು ಹೆಸರು ಸೂಚಿಸುವುದು. 1938ರ ವಿಮಾ ಕಾಯಿದೆಯಲ್ಲಿ ಇವೆರಡಕ್ಕೂ ಬೇರೆ ಬೇರೆ ಕಲಮುಗಳಿವೆ, 38ನೆಯದು ವರ್ಗಾವಣೆಗೆ, 39ನೆಯದು ಹೆಸರು ಸೂಚಿಸುವುದಕ್ಕೆ. ಹೆಂಡತಿಯ ಹೆಸರು ಹಾಕಿಸಬೇಕೆಂದು ಬಂದವರು ಯಾವ ಫಾರಂ ಕೈಗೆ ಕೊಟ್ಟರೂ ಸಹಿ ಮಾಡಿ ಹೋಗುತ್ತಾರೆ. ಸಾಲ ಕೊಡುವವರು ಪಾಲಿಸಿಯನ್ನು ಅಸೈನ್ ಮಾಡಿಕೊಡಿ ಎಂದು ಕೇಳಿದರೆ, ಸಾಲ ತೀರಿದ ಮೇಲೆ ಅದನ್ನು ಹಿಂದಕ್ಕೆ ಬರೆಸಿಕೊಳ್ಳಬೇಕು. ಅದಕ್ಕೆ 'ರೀಅಸೈನ್‌ಮೆಂಟ್' ಎನ್ನುತ್ತಾರೆ. ಹಾಗೆ ಬರೆಸಿಕೊಂಡ ಮೇಲೆ ಮನೆಯವರ ಹೆಸರು ನಾಮಿನಿಯೆಂದು ಇದೆಯೋ ಇಲ್ಲವೋ ವಿಚಾರಿಸಿರಿ. ಇದನ್ನು ಮರೆತವರಿದ್ದರೆ ನಾಳೆಯೇ ಕಾಗದ ತೆಗೆದು ನೋಡಿ.

ಹೆಬ್ಬೆಟ್ಟು ಒತ್ತುವ ಬಂಧುಗಳು ತಮ್ಮದು ಸಹಿಯಲ್ಲವೆಂದು ನಾಚಿಕೊಳ್ಳುವುದನ್ನು ನೋಡಿದ್ದೇನೆ. 1897ರ ಜನರಲ್ ಕ್ಲಾಸಸ್ ಆಕ್ಟ್ ಎಂಬ ಕಾಯಿದೆಯಲ್ಲಿ 'ಸೈನ್' ಎಂಬ ಮಾತಿಗೇ ಅರ್ಥ ಕೊಟ್ಟಿದ್ದಾರೆ: ಹೆಸರು ಬರೆಯಲಾರದವನ ವಿಷಯದಲ್ಲಿ ಅವನು ಹಾಕುವ ಗುರುತೂ ಸಹಿಯೊಳಗೆ ಸೇರುತ್ತದೆ. ಆ ಮಾತಿನ ರೂಪಾಂತರಗಳಿಗೂ, ಅದರ ಸಂಬಂಧದ ಮಾತುಗಳಿಗೂ ಇದೇ ಅರ್ಥ ಅನ್ವಯಿಸುತ್ತದೆಂದೂ ಅಲ್ಲಿಯೇ ಇದೆ. ಕಾಯಿದೆ ಬರೆದವರೂ ಮಾತಿನ ಸಂಸಾರವನ್ನು ಮರೆಯಲಿಲ್ಲವೆಂದು ನನಗೆ ಬಹಳ ಸಂತೋಷವಾಯಿತು. ನಮ್ಮ ದೇಶದಲ್ಲಿ ಕರಾರು ಪತ್ರಕ್ಕೆ ಕೈಯ ಅಚ್ಚನ್ನು ಪಡೆದ ಪ್ರಸಿದ್ಧ ಸಂಗತಿ ನಡೆದದ್ದು 1858ರಲ್ಲಿ, ಬಂಗಾಳದ ಜಂಗೀಪುರದಲ್ಲಿ. ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ಒಬ್ಬ ಗುತ್ತಿಗೆದಾರನ ಇಡೀ ಅಂಗೈಯ ಅಚ್ಚು ಒತ್ತಿಸಿಕೊಂಡನು. ಬೆರಳಚ್ಚಿನ ಶಾಸ್ತ್ರ ಬೆಳೆದದ್ದು ಆಮೇಲೆ. ಈಗಂತೂ ಓದಿದವರೂ ರೇಷನ್ ಅಂಗಡಿಯಲ್ಲಿ ಬೆರಳು ಒತ್ತುತ್ತಿದ್ದೇವೆ. ಫೋನಿನಲ್ಲಿ ಸೈನ್ ಇನ್, ಸೈನ್ ಅಪ್, ಈ-ಸೈನ್ ಎಂದು ಬರುತ್ತದೆ. ಸೈನ್ ಅಪ್ ಹೊಸದಾಗಿ ಹೆಸರು ನೋಂದಾಯಿಸುವುದು, ಸೈನ್ ಇನ್ ನೋಂದಾಯಿಸಿದವರು ಒಳಗೆ ಹೋಗುವುದು. ಈ-ಸೈನ್ ಮಾತ್ರ ನಿಜವಾದ ಸಹಿಯೇ; 2000ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯಿದೆ ಬಂದ ಮೇಲೆ ಕಂಪ್ಯೂಟರಿನ ಸಹಿಗೂ ಬೆಲೆ ಬಂದಿದೆ. ಫೋನಿಗೆ ಬಂದ ನಾಲ್ಕಾರು ಅಂಕಿಗಳನ್ನು ಅಪರಿಚಿತರಿಗೆ ಹೇಳಿಬಿಡುವುದೂ ಒಂದು ರೀತಿಯಲ್ಲಿ ಬರಿಯ ಕಾಗದದ ಮೇಲೆ ಸಹಿ ಮಾಡಿಕೊಟ್ಟಂತೆಯೇ.

ಫೋನಿನಲ್ಲಿ ಅರ್ಥ ನೋಡಿದರೆ ಸಾಲದೆ, ದಪ್ಪ ನಿಘಂಟು ಏಕೆ ಎಂದು ಯುವಕರು ಕೇಳುತ್ತಾರೆ. ನೋಡಿರಿ, ಬೇಡವೆನ್ನುವುದಿಲ್ಲ. ಆದರೆ ಅಡ್ಡಗೆರೆ ಇಲ್ಲದ ಆ ಪೆನ್ಸಿಲಿನ ಮಾತನ್ನು ಅದಕ್ಕೆ ಕೊಟ್ಟರೆ, ನಾನು ಹೇಳಿದ ಅರ್ಥವನ್ನೇ ಅದೂ ಹೇಳೀತು. ಮಾತಿನ ಜೊತೆಗೆ ಕಾಗದವನ್ನೂ ನೋಡಬೇಕು: ಯಾವ ಫಾರಂ, ಯಾರು ಬರೆದದ್ದು, ಯಾವ ಜಾಗದ ಪಕ್ಕದಲ್ಲಿ ಬರೆದದ್ದು. ಕಾಕಾರ ಫಾರಮಿನಲ್ಲಿ ಆ ಬರಹ ಸಹಿಯ ಜಾಗದ ಪಕ್ಕದಲ್ಲಿಯೇ ಇತ್ತು. ನಾನು ಅದನ್ನು ಗಮನಿಸಲಿಲ್ಲ. ಅರ್ಥವಾಗದಿದ್ದರೆ ಲೆಕ್ಕದ ವಿಭಾಗಕ್ಕೆ ಇಪ್ಪತ್ತು ಹೆಜ್ಜೆ, ಹೋಗಿ ಕೇಳಬಹುದಾಗಿತ್ತು. ಕೇಳಿದರೆ ನನಗೆ ಇಂಗ್ಲಿಷ್ ಬಾರದೆಂದು ತಿಳಿದೀತು ಎಂಬ ನಾಚಿಕೆ ನನಗೆ.

ನಿಘಂಟಿನ ಬಗ್ಗೆ ಎರಡು ಮಾತು. ಮೈಸೂರು ವಿಶ್ವವಿದ್ಯಾನಿಲಯದವರು 1946ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನು ಹೊರತಂದರು. ಒಂದೊಂದು ಮಾತಿಗೂ ಅದು ಕೊಡುವ ಅರ್ಥಗಳನ್ನು ಓದುವುದೇ ಒಂದು ಪಾಠ. ಕನ್ನಡದ ಮಾತಿಗೆ ಇಂಗ್ಲಿಷ್ ಬೇಕಾದರೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಅವರ ನಿಘಂಟು ಇದೆ. ಪುಟ ತಿರುವುವಾಗ ಬೇಕಾದ ಮಾತಿನ ಹಿಂದೆಯೂ ಮುಂದೆಯೂ ಅದರ ಅಣ್ಣತಮ್ಮಂದಿರು ಕಣ್ಣಿಗೆ ಬೀಳುತ್ತಾರೆ, ಫೋನಿನಲ್ಲಿ ಆ ಲಾಭವಿಲ್ಲ. ಚಿಕ್ಕಡಪಲ್ಲಿಯ ಕೇಂದ್ರ ಗ್ರಂಥಾಲಯ ಇಲ್ಲಿಂದ ದೂರವಿಲ್ಲ, ಅಲ್ಲಿ ಪರೀಕ್ಷೆಗೆ ಓದುವ ಹುಡುಗರ ನಡುವೆ ಜಾಗ ಸಿಕ್ಕಿದರೆ ಅಲ್ಲಿಯೂ ಹೋಗಬಹುದು.

ಸಮಯವಾಯಿತೆಂದು ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಮುಂದಿನ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ 'ಚಾರ್ಜ್' ಎಂಬ ಮಾತಿನ ಸಂಸಾರವನ್ನು ತೆಗೆದುಕೊಳ್ಳೋಣ: ಚಾರ್ಜ್‌ಷೀಟ್, ಸರ್‌ಚಾರ್ಜ್, ಡಿಸ್‌ಚಾರ್ಜ್. ಕಡೆಯದನ್ನು ಆಸ್ಪತ್ರೆಯಲ್ಲಿ ಕೇಳಿದರೆ ಸಂತೋಷ, ಮಿಲ್ಲಿನಲ್ಲಿ ಕೇಳಿದರೆ ದುಃಖ. ಏಕೆಂಬುದನ್ನು ಅಂದು ಹೇಳುತ್ತೇನೆ. ಬರುವಾಗ ತಮಗೆ ಅರ್ಥವಾಗದ ಕಾಗದವೊಂದನ್ನು ತನ್ನಿರಿ. ಹೆಸರು, ನಂಬರು ಕಾಣದಂತೆ ಮೇಲೊಂದು ಚೀಟಿ ಇಟ್ಟು ಎಲ್ಲರೂ ಕೂಡಿ ಓದೋಣ. ನೋಟುಪುಸ್ತಕ ತಾವೇ ತರಬೇಕು, ಪೆನ್ಸಿಲನ್ನು ಸಂಘದವರು ಕೊಡುತ್ತಾರೆ.